ದಾರ ಬೇಕಾ, ಹಾಳೆ ಬೇಕಾ? ಮಕ್ಕಳಿಗೆ ಆಯತದ ಸುತ್ತಳತೆ, ವಿಸ್ತೀರ್ಣ ಅರ್ಥ ಮಾಡಿಸುವ ಬಗೆ

ನನ್ನ ಅಕ್ಕನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಲೆಕ್ಕದ ಪುಸ್ತಕ ಹಿಡಿದು ಬಂದು, "ಚಿಕ್ಕಮ್ಮ, ಇದಕ್ಕೆ ಕೂಡಿಸಬೇಕಾ ಗುಣಿಸಬೇಕಾ? ಅದೊಂದು ಹೇಳಿಬಿಡು, ಉಳಿದದ್ದು ನಾನೇ ಮಾಡ್ತೀನಿ" ಅಂದಳು. ಅವಳಿಗೆ ಎರಡೂ ಸೂತ್ರ ಬಾಯಿಪಾಠ ಆಗಿತ್ತು. ಉದ್ದ ಗುಣಿಸು ಅಗಲ. ಎರಡು ಗುಣಿಸು ಉದ್ದ ಕೂಡಿಸು ಅಗಲ. ಯಾವುದು ಯಾವುದಕ್ಕೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಇದು ಮರೆವಲ್ಲ. ಎರಡಕ್ಕೂ ಅದೇ ಚಿತ್ರ, ಅದೇ ಎರಡು ಸಂಖ್ಯೆ. ಏನನ್ನು ಎಣಿಸುತ್ತಿದ್ದೇವೆ ಅಂತ ಗೊತ್ತಾಗುವ ಮೊದಲೇ ಸೂತ್ರ ಕೈಗೆ ಬಂದರೆ ಮಗುವಿಗೆ ಉಳಿಯುವುದು ಊಹೆ ಒಂದೇ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸೂತ್ರ ತುಂಬಾ ತಡವಾಗಿ ಬರುತ್ತದೆ, ಅದೂ ಮಗುವಿನ ಬಾಯಿಂದಲೇ ಬರಬೇಕು. ಮೊದಲು ಕೈಗೆ ಎರಡು ವಸ್ತು ಕೊಡಿ. ಸುತ್ತಳತೆಗೆ ದಾರ, ವಿಸ್ತೀರ್ಣಕ್ಕೆ ಹಾಳೆ.

ಸಾಮಾನ್ಯವಾಗಿ 8ರಿಂದ 11 ವಯಸ್ಸಿನ ಮಕ್ಕಳಿಗೆ ಇದು ಹೊಂದುತ್ತದೆ. ಒಂದೇ ದಿನಕ್ಕೆ ಮುಗಿಸಲು ಹೋಗಬೇಡಿ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಎರಡು ವಾರ ಹಿಡಿದರೂ ಪರವಾಗಿಲ್ಲ. ಬೇಕಾಗುವುದು ಇಷ್ಟೇ: ಚೌಕಳಿ ಹಾಳೆ, ಕತ್ತರಿ, ದಾರ, ಸ್ಕೇಲು, ಬಣ್ಣದ ಪೆನ್ಸಿಲ್, ಒಂದೇ ಉದ್ದದ ಒಂದಷ್ಟು ಕಡ್ಡಿ, ಮತ್ತೆ ಒಂದೇ ಅಳತೆಗೆ ಕತ್ತರಿಸಿದ ರಟ್ಟಿನ ಚೌಕಗಳು. ಕಡ್ಡಿಯ ಉದ್ದ ಮತ್ತು ಚೌಕದ ಒಂದು ಬದಿ ಒಂದೇ ಅಳತೆ ಇದ್ದರೆ ಮುಂದೆ ತುಂಬಾ ಅನುಕೂಲ. ನಾನು ಎರಡನ್ನೂ 3 ಸೆಂ.ಮೀ. ಇಟ್ಟುಕೊಂಡಿದ್ದೆ.

ಹಂತ 1: "ಯಾವುದು ದೊಡ್ಡದು?" ಅಂತ ಕೇಳಿ ನೋಡಿ

ಎರಡು ಕಾಗದ ಕತ್ತರಿಸಿ. ಒಂದು 16 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ. ಇನ್ನೊಂದು 9 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ. ಅಳತೆ ಹೇಳಬೇಡಿ. ಯಾವುದು ದೊಡ್ಡದು ಅಂತ ಕೇಳಿ ಸುಮ್ಮನಿರಿ.

ಕೆಲವು ಮಕ್ಕಳು ಉದ್ದದ ಪಟ್ಟಿ ಅನ್ನುತ್ತಾರೆ, ಕೆಲವರು ಇನ್ನೊಂದು ಅನ್ನುತ್ತಾರೆ. ಇಬ್ಬರಿಗೂ "ಹೇಗೆ ಹೇಳ್ತೀಯಾ?" ಅಂತ ಕೇಳಿ. ಆಮೇಲೆ ಪ್ರಶ್ನೆಯನ್ನು ಎರಡು ಮಾಡಿ. ಪೂರ್ತಿ ಬಣ್ಣ ಹಚ್ಚಲು ಯಾವುದಕ್ಕೆ ಜಾಸ್ತಿ ಬಣ್ಣ ಬೇಕು? ಅಂಚಿಗೆ ದಾರ ಅಂಟಿಸಲು ಯಾವುದಕ್ಕೆ ಜಾಸ್ತಿ ದಾರ ಬೇಕು? ಪಟ್ಟಿಗೆ 40 ಸೆಂ.ಮೀ. ದಾರ ಬೇಕು, ಇನ್ನೊಂದಕ್ಕೆ 34 ಸಾಕು. ಬಣ್ಣದ ವಿಷಯಕ್ಕೆ ಬಂದರೆ ತಿರುಗುಮುರುಗು: ಪಟ್ಟಿಯಲ್ಲಿ 64 ಚಿಕ್ಕ ಚೌಕ, ಇನ್ನೊಂದರಲ್ಲಿ 72. ಈ ಸಂಖ್ಯೆಗಳು ನಿಮಗೆ ಗೊತ್ತಿದ್ದರೆ ಸಾಕು, ಮಗುವಿಗೆ ಈಗಲೇ ಹೇಳುವುದು ಬೇಡ. "ದೊಡ್ಡದು" ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಪ್ರಶ್ನೆ ಅಡಗಿವೆ ಅಂತ ಮಗುವಿಗೆ ಅನುಮಾನ ಬಂದರೆ ಇವತ್ತಿನ ಕೆಲಸ ಆಯಿತು.

ಹಂತ 2: ಸುತ್ತು ಹೊಡೆಯುವುದು

ಸುತ್ತಳತೆ ಅನ್ನುವ ಪದವೇ ನಮಗೆ ಅರ್ಧ ಕೆಲಸ ಮಾಡಿಕೊಡುತ್ತದೆ. ಸುತ್ತು, ಅಳತೆ. ಮೇಜಿನ ಮೂಲೆಯಲ್ಲಿ ಒಂದು ಗುರುತು ಇಟ್ಟು, ಬೆರಳನ್ನು ಅಂಚಿನ ಮೇಲೆ ಓಡಿಸಿ ಅದೇ ಗುರುತಿಗೆ ವಾಪಸ್ ಬರಲು ಹೇಳಿ. ಗುರುತು ಮುಖ್ಯ. ಎಲ್ಲಿ ಶುರು ಮಾಡಿದೆ ಅನ್ನುವುದು ಮರೆತ ಮಗು ಒಂದು ಬದಿ ಬಿಟ್ಟುಬಿಡುತ್ತದೆ, ಇಲ್ಲವೇ ಎರಡು ಸಲ ಎಣಿಸುತ್ತದೆ.

ಆಮೇಲೆ ಒಂದು ಪುಸ್ತಕದ ಸುತ್ತ ದಾರ ಸುತ್ತಿ, ಸೇರುವ ಕಡೆ ಬಣ್ಣ ಹಚ್ಚಿ, ಬಿಚ್ಚಿ ನೇರ ಮಾಡಿ ಸ್ಕೇಲಿನ ಪಕ್ಕ ಇಡಿ. ನಾಲ್ಕು ಬದಿ ಸುತ್ತಿದ್ದ ದಾರ ಈಗ ಒಂದೇ ಗೆರೆ! ಸುತ್ತಳತೆ ಅಂದರೆ ಉದ್ದವೇ, ಮಡಚಿಕೊಂಡು ಸುತ್ತ ನಿಂತಿರುವ ಉದ್ದ ಅಷ್ಟೇ. ಅದಕ್ಕೇ ಉತ್ತರದಲ್ಲಿ ಬರೀ ಸೆಂಟಿಮೀಟರ್ ಬರೆಯುತ್ತೇವೆ. ಈ ಮಾತನ್ನು ಈಗಲೇ ಹೇಳಿಬಿಡಿ, ಮುಂದೆ ಬೇಕಾಗುತ್ತದೆ.

ಸ್ಕೇಲು ಹಿಡಿಯುವಾಗ 0ಯಿಂದ ಅಳೆಯುತ್ತಿದೆಯಾ, 1ರಿಂದಾ ಅಂತ ಒಮ್ಮೆ ನೋಡಿ. ಚೌಕಳಿ ಹಾಳೆಯಲ್ಲಿ ಇನ್ನೊಂದು ತಪ್ಪು ಸಹಜ. ಗೆರೆ ಸೇರುವ ಚುಕ್ಕೆಗಳನ್ನು ಎಣಿಸಿದರೆ 5 ಸೆಂ.ಮೀ. ಬದಿಗೆ 6 ಬರುತ್ತದೆ. ಎಣಿಸಬೇಕಾದ್ದು ಚುಕ್ಕೆಯನ್ನಲ್ಲ, ಚುಕ್ಕೆಯಿಂದ ಚುಕ್ಕೆಗೆ ಹಾಕುವ ಹೆಜ್ಜೆಯನ್ನು.

ಈಗ ಚಿತ್ರಕ್ಕೆ ಬನ್ನಿ. 8 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಆಯತ ಬರೆದು, ಪುಸ್ತಕದಲ್ಲಿ ಇರುವ ಹಾಗೆ ಎರಡು ಬದಿಗೆ ಮಾತ್ರ ಅಳತೆ ಹಾಕಿ ಸುತ್ತಳತೆ ಕೇಳಿ. ಎಷ್ಟೋ ಮಕ್ಕಳು 13 ಅನ್ನುತ್ತಾರೆ. ಕಣ್ಣಿಗೆ ಕಂಡ ಎರಡು ಸಂಖ್ಯೆ ಕೂಡಿಸಿದ್ದಾರೆ, ಪಾಪ. ತಪ್ಪು ಅನ್ನಬೇಡಿ. "ನಿನ್ನ ದಾರ 13 ಸೆಂ.ಮೀ. ಇದೆ, ಸುತ್ತು ನೋಡೋಣ" ಅನ್ನಿ. ದಾರ ಎದುರಿನ ಮೂಲೆಗೆ ಹೋಗಿ ನಿಂತುಬಿಡುತ್ತದೆ. ಅರ್ಧ ದಾರಿ ಮಾತ್ರ ಆಗಿದೆ ಅಂತ ಮಗುವೇ ಹೇಳುತ್ತದೆ. ಇನ್ನೂ ಎಷ್ಟು ಬೇಕು? ಇನ್ನೊಂದು 13. ಅಲ್ಲಿಗೆ ಎರಡು ಸಲ ಉದ್ದ ಕೂಡಿಸು ಅಗಲ ಅನ್ನುವುದು ಬಂದೇಬಿಟ್ಟಿತು, ನೀವು ಹೇಳದೆಯೇ!

ಇನ್ನೊಂದು ಮಗು 8, 5, 8, 5 ಅಂತ ವರಸೆಯಾಗಿ ಕೂಡಿಸಬಹುದು, ಮತ್ತೊಂದು ಎರಡು ಎಂಟು 16, ಎರಡು ಐದು 10, ಒಟ್ಟು 26 ಅನ್ನಬಹುದು. ಮೂರೂ ಸರಿ. ಸೂತ್ರದ ಹಾಗೇ ಬರೆಯಲಿಲ್ಲ ಅಂತ ಅಂಕ ಕಳೆಯುವುದು ನನ್ನ ಪ್ರಕಾರ ಅನ್ಯಾಯ. ಕೆಲವು ವಾರ ನಾಲ್ಕೂ ಬದಿಗೆ ಸಂಖ್ಯೆ ಬರೆದು ಆಮೇಲೆ ಲೆಕ್ಕ ಮಾಡುವ ಅಭ್ಯಾಸ ಇರಲಿ.

ಹಂತ 3: ಮುಚ್ಚುವುದು

ಈಗ ದಾರ ಪಕ್ಕಕ್ಕಿಡಿ. ಎರಡು ಮೂರು ದಿನ ಅದರ ಮಾತೇ ಬೇಡ.

ಒಂದು ಆಯತ ಕೊಟ್ಟು ಅದನ್ನು ಅಂಗಿಯ ಗುಂಡಿಗಳಿಂದ ಅಥವಾ ಬಾಟಲಿ ಮುಚ್ಚಳಗಳಿಂದ ಮುಚ್ಚಲು ಹೇಳಿ. ಎಷ್ಟೇ ಒತ್ತಾಗಿ ಇಟ್ಟರೂ ನಡುವೆ ಸಂದಿ ಉಳಿಯುತ್ತದೆ. ಮಗುವಿಗೆ ಸ್ವಲ್ಪ ಸಿಟ್ಟು ಬರಲಿ. ಆಮೇಲೆ ರಟ್ಟಿನ ಚೌಕ ಕೊಡಿ. ಸಂದಿ ಇಲ್ಲ, ಒಂದರ ಮೇಲೊಂದು ಹತ್ತುವುದಿಲ್ಲ. ವಿಸ್ತೀರ್ಣವನ್ನು ಚೌಕದಲ್ಲೇ ಯಾಕೆ ಅಳೆಯುತ್ತೇವೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಮುಂದೆ ಅದೇ ಆಯತವನ್ನು ದೊಡ್ಡ ಚೌಕದಿಂದ ಒಮ್ಮೆ, ಚಿಕ್ಕ ಚೌಕದಿಂದ ಒಮ್ಮೆ ಮುಚ್ಚಿಸಿ. ಒಂದು ಸಲ 6, ಇನ್ನೊಂದು ಸಲ 24. ಆಯತ ಬದಲಾಗಲಿಲ್ಲ, ಸಂಖ್ಯೆ ಬದಲಾಯಿತು. ಹಾಗಾದರೆ ನಾನು ಅಳೆದದ್ದೂ ನೀನು ಅಳೆದದ್ದೂ ತಾಳೆಯಾಗಬೇಕಾದರೆ ಇಬ್ಬರೂ ಒಂದೇ ಚೌಕ ಬಳಸಬೇಕು, ಅಲ್ವಾ? 1 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಚೌಕ ಒಂದನ್ನು ಕತ್ತರಿಸಿ ಮಗುವಿನ ಅಂಗೈ ಮೇಲಿಡಿ. ಇದೇ ಒಂದು ಚದರ ಸೆಂಟಿಮೀಟರ್. ಚದರ ಅನ್ನುವುದು ಬರೀ ಪದವಲ್ಲ, ಹೀಗೆ ಕೈಯಲ್ಲಿ ಹಿಡಿಯಬಹುದಾದ ತುಂಡು.

ಇಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ಒಂದೇ ಅಳತೆಯ ಎರಡು ಹಸಿರು ಹಾಳೆ ಇಡಿ, ಇವು ಎರಡು ಹುಲ್ಲುಗಾವಲು. ಒಂದರ ಮೇಲೆ ಆರು ಚೌಕಗಳನ್ನು ಒತ್ತಾಗಿ ಜೋಡಿಸಿ, ಇನ್ನೊಂದರ ಮೇಲೆ ಆರನ್ನೂ ಚೆಲ್ಲಾಪಿಲ್ಲಿ ಇಡಿ. ಇವೆಲ್ಲ ಮನೆಗಳು. ಯಾವ ಗಾವಲಿನಲ್ಲಿ ಹಸುವಿಗೆ ಜಾಸ್ತಿ ಹುಲ್ಲು ಉಳಿದಿದೆ? ಸ್ವಿಸ್ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳಿಗೆ ಕೇಳಿದ್ದ ಪ್ರಶ್ನೆ ಇದು. ಚೆಲ್ಲಾಪಿಲ್ಲಿ ಇರುವ ಕಡೆ ಹುಲ್ಲು ಕಡಿಮೆ ಅಂತ ಚಿಕ್ಕ ಮಕ್ಕಳಿಗೆ ಅನಿಸುತ್ತದೆ. ನಿಮ್ಮ ಮಗುವೂ ಹಾಗೇ ಅಂದರೆ, ತುಂಡುಗಳನ್ನು ಸರಿಸಿ, ಜೋಡಿಸಿ, ಮತ್ತೆ ಹರಡಿ ಆಡಲು ಇನ್ನೊಂದೆರಡು ದಿನ ಬಿಡಿ. ಜಾಗ ಬದಲಿಸಿದರೆ ವಿಸ್ತೀರ್ಣ ಬದಲಾಗುವುದಿಲ್ಲ ಅನ್ನುವುದು ನಮಗೆ ಸಹಜ, ಅವರಿಗೆ ಹೊಸದು.

ಹಂತ 4: ಒಂದೊಂದಾಗಿ ಎಣಿಸುವುದರಿಂದ ಸಾಲಿಗೆ

ಇಡೀ ವಿಷಯದ ಜೀವ ಇರುವುದು ಇಲ್ಲಿ. ಇದನ್ನು ಹಾರಿಸಿದರೆ ಉಳಿದದ್ದು ನಿಲ್ಲುವುದಿಲ್ಲ.

ಮಗುವಿಗೆ ಖಾಲಿ ಆಯತ ಕೊಟ್ಟು "ಇದರೊಳಗೆ ಚೌಕಗಳನ್ನು ಬರೆದು ತುಂಬಿಸು" ಅನ್ನಿ. ಎಷ್ಟೋ ಮಕ್ಕಳು ಅಂಚಿನ ಸುತ್ತ ಒಂದೊಂದೇ ಬರೆಯುತ್ತಾ ಒಳಗೆ ಹೋಗುತ್ತಾರೆ. ಚೌಕಗಳು ಚಿಕ್ಕದು ದೊಡ್ಡದು ಆಗುತ್ತವೆ, ಸಾಲು ಸೊಟ್ಟ ಆಗುತ್ತದೆ. ಅವರ ಕಣ್ಣಿಗೆ ಸಾಲು ಇನ್ನೂ ಕಂಡಿಲ್ಲ. ನಮಗೆ ಆಯತ ನೋಡಿದ ತಕ್ಷಣ ಸಾಲು ಸಾಲಾಗಿ ಕಾಣುವುದರಿಂದ, ಮಗುವಿಗೂ ಹಾಗೇ ಕಾಣುತ್ತದೆ ಅಂದುಕೊಂಡು ನಾವು ಗುಣಾಕಾರಕ್ಕೆ ಓಡಿಬಿಡುತ್ತೇವೆ.

ಚೌಕಳಿ ಹಾಳೆಯಿಂದ 6 ಚೌಕ ಉದ್ದದ ಪಟ್ಟಿಗಳನ್ನು ಕತ್ತರಿಸಿ. 6 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಆಯತವನ್ನು ಪಟ್ಟಿಯಿಂದ ಮುಚ್ಚಿಸಿ. ಎಷ್ಟು ಪಟ್ಟಿ? ನಾಲ್ಕು. ಪ್ರತಿ ಪಟ್ಟಿಯಲ್ಲಿ? ಆರು. ಮೊದಲು 1, 2, 3 ಅಂತ ಎಣಿಸಲಿ. ನಾಲ್ಕನೇ ಆಯತದ ಹೊತ್ತಿಗೆ ಬೇಸರ ಬಂದು 6, 12, 18, 24 ಅನ್ನುತ್ತದೆ. ಆ ಬೇಸರ ಒಳ್ಳೆಯದು, ಕಾಯಿರಿ. ಆಮೇಲೆ ಅದೇ ಮಗು "ನಾಲ್ಕಾರ್ಲಿ ಇಪ್ಪತ್ನಾಲ್ಕು" ಅಂದಾಗ ಗುಣಾಕಾರ ಯಾಕೆ ಬಂತು ಅಂತ ನೀವು ವಿವರಿಸುವ ಅಗತ್ಯವೇ ಇರುವುದಿಲ್ಲ.

ಈಗ ಸಾಮಾನು ಕಡಿಮೆ ಮಾಡುತ್ತಾ ಹೋಗಿ. ಮೊದಲು ಒಂದು ಅಡ್ಡಸಾಲಿಗೆ ಮತ್ತು ಒಂದು ಕಂಬಸಾಲಿಗೆ ಆಗುವಷ್ಟೇ ಚೌಕ ಕೊಟ್ಟು ಪೂರ್ತಿ ಎಷ್ಟು ಹಿಡಿಯುತ್ತದೆ ಅಂತ ಕೇಳಿ. 6ಕ್ಕೆ 4ರ ಆಯತಕ್ಕೆ 9 ಚೌಕ ಸಾಕು, ಮೂಲೆಯದು ಎರಡೂ ಸಾಲಿಗೆ ಸೇರುತ್ತದೆ. ಮೂಲೆಯ ಚೌಕವನ್ನು ಎರಡು ಸಲ ಎಣಿಸಿದ ಹಾಗಾಗಲಿಲ್ಲವಾ ಅಂತ ನನ್ನ ಅಕ್ಕನ ಮಗಳು ಕೇಳಿದಳು. ತುಂಬಾ ಒಳ್ಳೆಯ ಪ್ರಶ್ನೆ. ಅಡ್ಡಸಾಲು ಹೇಳುವುದು ಒಂದು ಸಾಲಿನಲ್ಲಿ ಎಷ್ಟು ಚೌಕ ಅಂತ, ಕಂಬಸಾಲು ಹೇಳುವುದು ಅಂಥ ಸಾಲು ಎಷ್ಟು ಅಂತ. ಎರಡನೆಯದು ಚೌಕದ ಲೆಕ್ಕವಲ್ಲ, ಸಾಲಿನ ಲೆಕ್ಕ. ಇದನ್ನು ಅವಳಿಗೆ ಪಟ್ಟಿಗಳನ್ನು ಎತ್ತಿ ಎತ್ತಿ ತೋರಿಸಬೇಕಾಯಿತು.

ಆಮೇಲೆ ಚೌಕವೂ ಬೇಡ, ಅಂಚಿನ ಮೇಲೆ ಸೆಂಟಿಮೀಟರಿಗೊಂದು ಗೀಟು. ಕೊನೆಗೆ ಗೀಟೂ ಬೇಡ, ಸ್ಕೇಲು ಮಾತ್ರ. ಉದ್ದ 6 ಸೆಂ.ಮೀ. ಅಂದರೆ ಒಂದು ಸಾಲಿಗೆ 6 ಚೌಕ ಕೂರುತ್ತವೆ ಅಂತ ಮಗು ಓದಿಕೊಂಡರೆ, ಆಗ ಸೂತ್ರ ಬರೆಯಿರಿ. ಅರ್ಧ ಅಳತೆ ಬಂದರೂ ಹೆದರಬೇಕಿಲ್ಲ. ಮೂರೂವರೆ ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಆಯತದಲ್ಲಿ 6 ಪೂರ್ತಿ ಚೌಕ, 2 ಅರ್ಧ ಚೌಕ. ಸೇರಿಸಿದರೆ 7.

ಹಂತ 5: ಎರಡನ್ನೂ ಒಟ್ಟಿಗೆ ತನ್ನಿ

ಈಗ ದಾರ ವಾಪಸ್ ಬರಲಿ. ಗೊಂದಲ ಮತ್ತೆ ತಲೆ ಎತ್ತುವುದು ಇಲ್ಲೇ, ಅದಕ್ಕೆ ಬೇಕಂತಲೇ ಎಬ್ಬಿಸಿ.

ಚೌಕಳಿ ಹಾಳೆಯಲ್ಲಿ 5ಕ್ಕೆ 3ರ ಆಯತ ಬರೆದು ಸುತ್ತಳತೆ ಕೇಳಿ. ಅಂಚಿನಲ್ಲಿರುವ ಚೌಕಗಳನ್ನು ಎಣಿಸಿ 12 ಅನ್ನುವ ಮಕ್ಕಳು ಬಹಳ. ಸರಿಯಾದ ಉತ್ತರ 16. ಕಡ್ಡಿ ತೆಗೆಯಿರಿ. ರಟ್ಟಿನ ಚೌಕಗಳಿಂದ ಅದೇ ಆಯತ ಮಾಡಿ ಅಂಚಿಗೆ ಒಂದೊಂದೇ ಕಡ್ಡಿ ಇಡಿಸಿ. ಮೂಲೆಯ ಚೌಕಕ್ಕೆ ಬಂದಾಗ ಎರಡು ಕಡ್ಡಿ ಬೇಕಾಗುತ್ತದೆ! ನಾಲ್ಕು ಮೂಲೆ, ನಾಲ್ಕು ಹೆಚ್ಚು ಕಡ್ಡಿ, 12 ಹೋಗಿ 16. ಎರಡು ಸಾಲಾದರೂ ಇರುವ ಯಾವ ಆಯತದಲ್ಲೂ ಈ ವ್ಯತ್ಯಾಸ ನಾಲ್ಕೇ. ಅದನ್ನು ಮಗುವೇ ಕಂಡುಕೊಳ್ಳಲಿ.

ಆಮೇಲೆ ನನಗೆ ತುಂಬಾ ಇಷ್ಟವಾದ ಆಟ. 24 ಕಡ್ಡಿ ಕೊಡಿ. ಎಲ್ಲವನ್ನೂ ಬಳಸಿ ಎಷ್ಟು ಬಗೆಯ ಆಯತ ಮಾಡಬಹುದು? ಪ್ರತಿಯೊಂದರ ಒಳಗೆ ಎಷ್ಟು ಚೌಕ? 11ಕ್ಕೆ 1ರದ್ದು ಮಾಡಿದರೆ 11 ಚೌಕ. 10ಕ್ಕೆ 2, 20 ಚೌಕ. 9ಕ್ಕೆ 3, 27. 8ಕ್ಕೆ 4, 32. 7ಕ್ಕೆ 5, 35. 6ಕ್ಕೆ 6, 36. ಸುತ್ತಳತೆ ಎಲ್ಲದಕ್ಕೂ 24ವೇ, ವಿಸ್ತೀರ್ಣ ಮಾತ್ರ 11ರಿಂದ 36ರವರೆಗೆ ಓಡುತ್ತದೆ. ಒಂದೊಂದಾಗಿ ಬರೆದುಕೊಳ್ಳಲು ಹೇಳಿ, ಬರೆದದ್ದನ್ನು ನೋಡುತ್ತಾ ಮುಂದಿನದು ಎಷ್ಟಿರಬಹುದು ಅಂತ ಊಹಿಸಲಿ.

ಮಾರನೇ ದಿನ ತಿರುವು ಮಾಡಿ. 24 ಚೌಕ ಕೊಟ್ಟು ಆಯತ ಮಾಡಲು ಹೇಳಿ. 24ಕ್ಕೆ 1 ಮಾಡಿದರೆ ಸುತ್ತಳತೆ 50. 12ಕ್ಕೆ 2 ಅಂದರೆ 28. 8ಕ್ಕೆ 3ಕ್ಕೆ 22, 6ಕ್ಕೆ 4ಕ್ಕೆ 20. ಒಂದನ್ನು ಗಟ್ಟಿ ಹಿಡಿದರೆ ಇನ್ನೊಂದು ಓಡಾಡುತ್ತದೆ ಅಂತ ಕೈಯಾರೆ ಕಂಡ ಮಗು ಎರಡನ್ನೂ ಒಂದೇ ಅಂದುಕೊಳ್ಳುವುದು ಕಷ್ಟ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ತನ್ನ ಕಾಲದ ಜನರ ಬಗ್ಗೆ ಬರೆದಿದ್ದಾನೆ. ಮೆಗಲೋಪೊಲಿಸ್ ನಗರದ ಸುತ್ತಳತೆ 50 ಸ್ಟೇಡಿಯಾ, ಸ್ಪಾರ್ಟಾದ್ದು 48. ಆದರೂ ಸ್ಪಾರ್ಟಾ ಅದರ ಎರಡರಷ್ಟು ದೊಡ್ಡದು ಅಂದರೆ ಜನ ನಂಬುವುದಿಲ್ಲ, ಚಿಕ್ಕಂದಿನಲ್ಲಿ ಕಲಿತ ರೇಖಾಗಣಿತ ಮರೆತುಬಿಟ್ಟಿದ್ದಾರೆ ಅನ್ನುತ್ತಾನೆ. ಸ್ಟೇಡಿಯಾ ಅನ್ನುವುದು ಅವರ ಉದ್ದದ ಅಳತೆ. ಈ ಕಥೆ ಹೇಳಿದ ಮೇಲೆ ಮಕ್ಕಳಿಗೆ ಒಂಥರಾ ಧೈರ್ಯ ಬರುತ್ತದೆ.

ಹಂತ 6: ಕತ್ತರಿಸುವ ಮುಂಚೆ ಹೇಳು

10 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಹಾಳೆಗಳನ್ನು ನಾಲ್ಕೈದು ಮಾಡಿಟ್ಟುಕೊಳ್ಳಿ. ಪ್ರತಿಯೊಂದರ ಸುತ್ತಳತೆ 32 ಸೆಂ.ಮೀ., ವಿಸ್ತೀರ್ಣ 60 ಚ.ಸೆಂ.ಮೀ. ಕತ್ತರಿ ಹಾಕುವ ಮುಂಚೆ ಏನಾಗುತ್ತದೆ ಅಂತ ಮಗು ಹೇಳಬೇಕು. ಇದೊಂದೇ ನಿಯಮ.

ಮೊದಲನೆಯದನ್ನು ಸರಿ ಅರ್ಧ ಮಾಡಿ, 5ಕ್ಕೆ 6. ವಿಸ್ತೀರ್ಣ 30, ಅರ್ಧವಾಯಿತು. ಸುತ್ತಳತೆಯೂ ಅರ್ಧ, 16 ಅನ್ನುತ್ತಾರೆ. ಅಳೆದರೆ 22! ಎರಡು ತುಂಡು ಸೇರಿ 44. ಹೆಚ್ಚಾದ 12 ಎಲ್ಲಿಂದ ಬಂತು? ಕತ್ತರಿಸಿದ ಗೆರೆ 6 ಸೆಂ.ಮೀ., ಅದು ಈಗ ಎರಡೂ ತುಂಡಿಗೆ ಹೊಸ ಅಂಚು.

ಇನ್ನೊಂದು ಹಾಳೆಯ ಮೂಲೆಯಿಂದ 2ಕ್ಕೆ 2ರ ಚೌಕ ಕತ್ತರಿಸಿ ತೆಗೆಯಿರಿ. ವಿಸ್ತೀರ್ಣ 56ಕ್ಕೆ ಇಳಿಯಿತು. ಸುತ್ತಳತೆ? 32ವೇ. ಹೋದ ಎರಡು ಅಂಚಿನ ಜಾಗಕ್ಕೆ ಅಷ್ಟೇ ಉದ್ದದ ಎರಡು ಅಂಚು ಬಂದವು. ಮೂರನೇ ಹಾಳೆಯಲ್ಲಿ ಅದೇ ಚೌಕವನ್ನು ಮೂಲೆಯಲ್ಲಲ್ಲ, ಒಂದು ಬದಿಯ ನಡುವಿನಿಂದ ತೆಗೆಯಿರಿ. ವಿಸ್ತೀರ್ಣ ಮತ್ತೆ 56, ಸುತ್ತಳತೆ 36ಕ್ಕೆ ಏರಿತು. ಕಾಗದ ಕಡಿಮೆಯಾಗಿ ದಾರ ಜಾಸ್ತಿ ಆಗಿದ್ದು ನೋಡಿದಾಗ ನನ್ನ ಅಕ್ಕನ ಮಗಳು ಮೂರು ಸಲ ಅಳೆದಳು. ನಂಬಿಕೆ ಬರಲಿಲ್ಲ. ಅಳೆಯಲು ಬಿಡಿ, ಅವಸರ ಮಾಡಬೇಡಿ.

ಮೂಲೆ ಕಿತ್ತ ಆಕಾರದಿಂದಲೇ ಮುಂದೆ ಬರುವ ಕಠಿಣ ಲೆಕ್ಕಗಳಿಗೂ ದಾರಿ ಸಿಗುತ್ತದೆ. 8ಕ್ಕೆ 6ರ ಆಯತದ ಮೂಲೆಯಿಂದ, ಉದ್ದದ ಕಡೆ 3 ಮತ್ತು ಅಗಲದ ಕಡೆ 2 ಬರುವಂತೆ ಒಂದು ತುಂಡು ತೆಗೆದರೆ, ಉಳಿದದ್ದರ ವಿಸ್ತೀರ್ಣ 48ರಲ್ಲಿ 6 ಕಳೆದು 42. ಅಥವಾ ಎರಡು ಆಯತ ಮಾಡಿ, 8ಕ್ಕೆ 4 ಮತ್ತು 5ಕ್ಕೆ 2, ಸೇರಿಸಿದರೂ 42. ವಿಸ್ತೀರ್ಣ ಹೀಗೆ ಕೂಡುತ್ತದೆ. ಸುತ್ತಳತೆ ಹಾಗೆ ಕೂಡುವುದಿಲ್ಲ. ಎರಡು ಆಯತದ ಸುತ್ತಳತೆ 24 ಮತ್ತು 14, ಒಟ್ಟು 38, ಆದರೆ ಆಕಾರದ್ದು 28 ಮಾತ್ರ. ಒಳಗೆ ಅಡಗಿದ 5 ಸೆಂ.ಮೀ. ಅಂಚು ಎರಡು ಸಲ ಸೇರಿಕೊಂಡಿತ್ತು.

ಹಂತ 7: ಮಾತಿನ ಲೆಕ್ಕ

"ಸುತ್ತ ಅಂತ ಬಂದರೆ ಕೂಡಿಸು" ಎನ್ನುವ ಥರದ ಸುಳಿವು ಕಲಿಸಬೇಡಿ. "ತೋಟದ ಸುತ್ತ ಬೇಲಿಯಿದೆ, ಒಳಗೆ ಹುಲ್ಲು ಹಾಸಬೇಕು" ಅಂತ ಬಂದರೆ ಆ ಸುಳಿವೇ ಮೋಸ ಮಾಡುತ್ತದೆ. ಅದರ ಬದಲು ಒಂದೇ ಪ್ರಶ್ನೆ ಕಲಿಸಿ: ಇದಕ್ಕೆ ದಾರ ಬೇಕಾ, ಹಾಳೆ ಬೇಕಾ? ಗೋಡೆಗೆ ಬಣ್ಣ, ನೆಲಕ್ಕೆ ಟೈಲ್ಸ್, ಪುಸ್ತಕಕ್ಕೆ ಹೊದಿಕೆ, ಚಿತ್ರಕ್ಕೆ ಚೌಕಟ್ಟು, ಬಟ್ಟೆಗೆ ಲೇಸು, ಮೈದಾನಕ್ಕೆ ಒಂದು ಸುತ್ತು ಓಟ. ಹತ್ತಿಪ್ಪತ್ತು ಚೀಟಿಯಲ್ಲಿ ಬರೆದು, ಸಂಖ್ಯೆಯೇ ಇಲ್ಲದೆ ಎರಡು ರಾಶಿ ಮಾಡಿಸಿ. ಲೆಕ್ಕ ಮಾಡಿಸಬೇಡಿ. ಬರೀ ರಾಶಿ.

ಅಳತೆಯ ಹೆಸರನ್ನು ಕೊನೆಯಲ್ಲಿ ಅಂಟಿಸುವ ಬಾಲದ ಹಾಗೆ ನೋಡಬೇಡಿ. 4ಕ್ಕೆ 4ರ ಚೌಕದ ಸುತ್ತಳತೆ 16, ವಿಸ್ತೀರ್ಣವೂ 16. 6ಕ್ಕೆ 3ರ ಆಯತದಲ್ಲಿ ಎರಡೂ 18. ಪೂರ್ಣಸಂಖ್ಯೆಯ ಬದಿಗಳಲ್ಲಿ ಹೀಗಾಗುವುದು ಈ ಎರಡಕ್ಕೇ. "ಹಾಗಾದರೆ ಎರಡೂ ಸಮವಾ?" ಅಂತ ಕೇಳಿ. 16 ಕಡ್ಡಿಯೂ 16 ರಟ್ಟೂ ಒಂದೇ ಅಲ್ಲ ಅಂತ ಮಗು ಹೇಳಬೇಕು.

ಒಂದು ಚದರ ಮೀಟರಿನಲ್ಲಿ ಎಷ್ಟು ಚದರ ಸೆಂಟಿಮೀಟರ್ ಅಂತ ಕೇಳಿದರೆ 100 ಅನ್ನುವುದು ಸಾಮಾನ್ಯ. ಹಳೆಯ ಪತ್ರಿಕೆಗಳನ್ನು ಅಂಟಿಸಿ 1 ಮೀಟರ್ ಉದ್ದ, 1 ಮೀಟರ್ ಅಗಲದ ಚೌಕ ಮಾಡಿ ನೆಲದ ಮೇಲೆ ಹಾಸಿ, ಮೂಲೆಯಲ್ಲಿ ಅಂಗೈ ಮೇಲಿಟ್ಟಿದ್ದ ಆ ಪುಟ್ಟ ಚೌಕ ಇಡಿ. ಒಂದು ಅಂಚಿಗೇ ನೂರು ಬೇಕು, ಅಂಥ ಸಾಲು ನೂರು, ಅಂದರೆ 10,000.

ಬದಿ ಬಿಟ್ಟುಹೋದ ಲೆಕ್ಕ ಕೊನೆಗಿರಲಿ. ವಿಸ್ತೀರ್ಣ 42, ಒಂದು ಬದಿ 6 ಅಂದರೆ ಇನ್ನೊಂದು 7, ಇದು ಬೇಗ ಬರುತ್ತದೆ. ಸುತ್ತಳತೆ 26, ಉದ್ದ 8 ಅಂದರೆ 26ರಲ್ಲಿ 8 ಕಳೆದು 18 ಅನ್ನುತ್ತಾರೆ. 26 ಸೆಂ.ಮೀ. ದಾರವನ್ನು ಅರ್ಧಕ್ಕೆ ಮಡಚಿಸಿ. 13. ಅದರಲ್ಲಿ 8 ಹೋದರೆ 5.

ಮಗುವಿಗೆ ಅರ್ಥವಾಗಿದೆಯಾ ಅಂತ ನೋಡಲು ನಾನು ಸೂತ್ರ ಕೇಳುವುದಿಲ್ಲ. ಸುತ್ತಳತೆ 20, ವಿಸ್ತೀರ್ಣ 24 ಇರುವ ಆಯತ ಬರೆದುಕೊಡು ಅನ್ನುತ್ತೇನೆ. 6ಕ್ಕೆ 4 ಸಿಗುತ್ತದೆ. ಆಮೇಲೆ ಸುತ್ತಳತೆ 20, ವಿಸ್ತೀರ್ಣ 30 ಇರುವುದನ್ನು ಕೇಳುತ್ತೇನೆ. ಅಕ್ಕನ ಮಗಳು 9ಕ್ಕೆ 1, 8ಕ್ಕೆ 2, 7ಕ್ಕೆ 3, 6ಕ್ಕೆ 4 ಎಲ್ಲ ಬರೆದು, 5ಕ್ಕೆ 5ಕ್ಕೆ ಬಂದು ಪೆನ್ಸಿಲ್ ಕೆಳಗಿಟ್ಟಳು. "25ಕ್ಕಿಂತ ಜಾಸ್ತಿ ಆಗೋದೇ ಇಲ್ಲ ಚಿಕ್ಕಮ್ಮ. ಕಡ್ಡಿ ಸಾಲಲ್ಲ."